ಹೊಟ್ಟೆ ಹಸಿಯುತ್ತದೆ, ನಾಡಿಗೆ ಬರ ಬೀಳುತ್ತದೆ

ಅನುವಾದಗಳ ಕರಡು ತಿದ್ದುವಾಗ ನನಗೆ ಮತ್ತೆ ಮತ್ತೆ ಎದುರಾಗುವ ವಾಕ್ಯವೊಂದಿದೆ: 'ಅಮ್ಮಾ, ನಾನು ಹಸಿದಿದ್ದೇನೆ.' ವ್ಯಾಕರಣದ ಲೆಕ್ಕದಲ್ಲಿ ತಪ್ಪೇನಿಲ್ಲ. ಆದರೆ ಶಾಲೆಯಿಂದ ಬಂದು ಚೀಲ ಮೂಲೆಗೆಸೆದ ಯಾವ ಮಗುವೂ ಹೀಗೆ ಹೇಳುವುದಿಲ್ಲ. 'ಹಸಿವಾಗುತ್ತಿದೆ' ಎನ್ನುತ್ತದೆ, ಇಲ್ಲವೇ 'ಹೊಟ್ಟೆ ಹಸಿಯುತ್ತಿದೆ' ಎನ್ನುತ್ತದೆ.

ಕನ್ನಡದ ಹಸಿವು ಜ್ವರ, ನೋವು, ಭಯಗಳ ಸಾಲಿಗೆ ಸೇರಿದ್ದು, ನಮಗೆ ಆಗುವಂಥದ್ದು. ಅದಕ್ಕೇ 'ನನಗೆ' ಎಂಬ ಚತುರ್ಥಿ ವಿಭಕ್ತಿ. ಹಸಿಯುವ ಕೆಲಸವನ್ನು ಭಾಷೆ ಹೊಟ್ಟೆಗೆ ಒಪ್ಪಿಸಿಬಿಟ್ಟಿದೆ. ಮನುಷ್ಯನೇ ಕರ್ತೃವಾದ ಕೂಡಲೇ ಪದದ ತೂಕ ಹೆಚ್ಚುತ್ತದೆ. 'ಹಸಿವಾದವರು ಊಟಕ್ಕೆ ಏಳಿ' ಎಂದರೆ ಮನೆಯ ಮಾತು. 'ಹಸಿದವರು' ಎಂದರೆ ಅಲ್ಲಿ ಬಡತನದ ನೆರಳು ಬಿದ್ದಾಯಿತು. 'ಹಸಿದು ಹಲಸು, ಉಂಡು ಮಾವು' ಎಂಬ ಗಾದೆಯಲ್ಲಿ ಮಾತ್ರ ಈ ಕ್ರಿಯಾಪದ ಯಾವ ಭಾರವೂ ಇಲ್ಲದೆ ಉಳಿದುಕೊಂಡಿದೆ.

ಸಂಸ್ಕೃತದ ದಾರಿ ಬೇರೆ. ಅಲ್ಲಿ 'ಕ್ಷುಧೆ'ಯ ಜೊತೆಗೆ 'ಬುಭುಕ್ಷೆ'ಯೂ ಇದೆ. ಉಣ್ಣುವುದು ಎಂಬರ್ಥದ 'ಭುಜ್' ಧಾತುವಿನಿಂದ ಹುಟ್ಟಿದ ಇದರ ಅರ್ಥ ಉಣ್ಣುವ ಬಯಕೆ. ಕುಡಿಯುವ ಬಯಕೆ ಪಿಪಾಸೆ, ತಿಳಿಯುವ ಬಯಕೆ ಜಿಜ್ಞಾಸೆ: ಎಲ್ಲವೂ ಒಂದೇ ಅಚ್ಚಿನವು. ಹಿಂದಿಯ 'ಭೂಖ್' ಈ ಬುಭುಕ್ಷೆಯದೇ ಸವೆದ ರೂಪ. ನಮ್ಮ ಹಸಿವಿನಲ್ಲಿ ಬಯಕೆಯ ಸುಳಿವೇ ಇಲ್ಲ.

ಹಳಗನ್ನಡದಲ್ಲಿ ಇದು 'ಪಸಿ', 'ಪಸಿವು'. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಇದೂ ಹಕಾರಕ್ಕೆ ತಿರುಗಿತು. ತಮಿಳಿನಲ್ಲಿ ಇಂದಿಗೂ 'ಪಸಿ'. ಪದದ ಹಿಂದೆ ಕಥೆ ಬೇಕೆನ್ನುವವರು ಹಸಿ ತರಕಾರಿಯ 'ಹಸಿ'ಯನ್ನು ತಂದು ಇದಕ್ಕೆ ಗಂಟು ಹಾಕುತ್ತಾರೆ. ಆ ಹಸಿ ಹಸಿರಿನ ಬಳಗದ್ದು, ತಮಿಳಿನ 'ಪಚ್ಚೈ'ಯ ನೆಂಟ. ಹಸಿವಿಗೂ ಅದಕ್ಕೂ ಉಚ್ಚಾರದ ಹೋಲಿಕೆಯಷ್ಟೇ. ಕಣ್ಣು, ಕೈಗಳಂತೆ ಹಸಿವೂ ಮೂಲಪದ. ಬಿಡಿಸಿದರೆ ಒಳಗೆ ಇನ್ನೊಂದು ಪದ ಸಿಗದು.

ಕಥೆಯೇನಿದ್ದರೂ ನೆರೆಹೊರೆಯಲ್ಲಿದೆ. ತುಳುವಿನಲ್ಲಿ ಹಸಿವಿಗೆ 'ಬಡವು' ಎನ್ನುತ್ತಾರೆ. ನಮ್ಮ 'ಬಡವ', 'ಬಡಕಲು' ಪದಗಳ ಪಕ್ಕದಲ್ಲಿ ಅದನ್ನಿಟ್ಟು ನೋಡಿ: ಅಲ್ಲಿ ಹೊಟ್ಟೆಯ ಸಂಕಟ, ಇಲ್ಲಿ ಸೊರಗಿದ ಮೈ, ಬರಿದಾದ ಕೈ. ಒಂದೇ ಬೇರಿನ ಚಿಗುರುಗಳಿವು.

ಇಂಗ್ಲಿಷಿನ 'ಹಂಗರ್' ಹಿಂದೆ ಒಬ್ಬನ ಹೊಟ್ಟೆಯ ಹಸಿವನ್ನೂ ನಾಡಿನ ಬರಗಾಲವನ್ನೂ ಒಟ್ಟಿಗೆ ಹೇಳುತ್ತಿತ್ತು. ಕನ್ನಡ ಇವೆರಡನ್ನು ಬೆರೆಸಲಿಲ್ಲ. ನಾಡಿಗೆ ಬೀಳುವುದು ಬರ. ಹಳೆಯ 'ಬಱ', ಒಣಗುವುದೆಂಬ ಅರ್ಥದ ಬೇರಿನಿಂದ ಬಂದದ್ದು. ಸಂಸ್ಕೃತದ 'ಕ್ಷಾಮ'ಕ್ಕೂ ಸುಟ್ಟದ್ದು, ಸೊರಗಿದ್ದು ಎಂದೇ ಮೂಲಾರ್ಥ. ನನಗೆ ಇವೆಲ್ಲಕ್ಕಿಂತ ಹೆಚ್ಚು ಕಾಡುವ ಪದ 'ದುರ್ಭಿಕ್ಷ'. ಅದು ಮಳೆಯ ಮಾತಾಡುವುದಿಲ್ಲ, ಬೆಳೆಯ ಮಾತಾಡುವುದಿಲ್ಲ. ಭಿಕ್ಷೆ ಸಿಗುವುದೂ ಕಷ್ಟವಾದ ಕಾಲ ಎನ್ನುತ್ತದೆ. ಕೊಡುತ್ತಿದ್ದ ಮನೆಯಲ್ಲೇ ಇಲ್ಲವಾದಾಗ ಬೇಡುವವನ ಗತಿಯೇನು ಎಂಬುದನ್ನು ಒಂದು ಉಪಸರ್ಗದಲ್ಲಿ ಹೇಳಿ ಮುಗಿಸಿದ ಪದ.

ಈಚೆಗೆ ಹಸಿವಿನ ಮೇಲೆ ಹೊಸ ಹೊರೆ ಬಿದ್ದಿದೆ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಎರಡನೆಯದು 'ಶೂನ್ಯ ಹಸಿವು' ಎಂದು ಕನ್ನಡಕ್ಕೆ ಬಂತು. ಪ್ರತಿ ವರ್ಷ ಪತ್ರಿಕೆಗಳಲ್ಲಿ 'ಜಾಗತಿಕ ಹಸಿವು ಸೂಚ್ಯಂಕ'ದ ಸುದ್ದಿ ಬರುತ್ತದೆ. ಓದಿದವರು 'ನಮ್ಮಲ್ಲಿ ಅಷ್ಟು ಜನ ಊಟವಿಲ್ಲದೆ ಮಲಗುತ್ತಾರೆಯೇ' ಎಂದು ಕೇಳುತ್ತಾರೆ. ಪ್ರಶ್ನೆ ಸಹಜವಾದದ್ದೇ, ಏಕೆಂದರೆ ಕನ್ನಡದ ಹಸಿವು ಉಂಡೊಡನೆ ಹೋಗುವಂಥದ್ದು. ಸೂಚ್ಯಂಕ ಎಣಿಸುವುದು ಸಾಕಷ್ಟು ಆಹಾರ ಸಿಗದವರ ಪ್ರಮಾಣ, ಮಕ್ಕಳ ಕುಂಠಿತ ಬೆಳವಣಿಗೆ, ಎತ್ತರಕ್ಕೆ ತಕ್ಕ ತೂಕವಿಲ್ಲದಿರುವುದು, ಐದು ವರ್ಷದೊಳಗಿನ ಮಕ್ಕಳ ಸಾವು.

ಹಾಗಾಗಿ ಇಂಥ ವರದಿಗಳಲ್ಲಿ 'ಅಪೌಷ್ಟಿಕತೆ' ಎಂದು ಬರೆಯುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಪದ ಒರಟು, ಆದರೆ ದಾರಿ ತಪ್ಪಿಸುವುದಿಲ್ಲ. ತೀವ್ರ ಅಪೌಷ್ಟಿಕತೆಗೆ ಸಿಕ್ಕ ಮಗುವಿಗೆ ಎಷ್ಟೋ ಸಲ ಹಸಿವೇ ಆಗುವುದಿಲ್ಲ. ಚಿಕಿತ್ಸೆ ಶುರುಮಾಡುವ ಮುನ್ನ ಆರೋಗ್ಯ ಕಾರ್ಯಕರ್ತರು ಸ್ವಲ್ಪ ಆಹಾರ ಕೊಟ್ಟು, ಮಗು ತಿನ್ನುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಅದು ಮುಖ ತಿರುಗಿಸಿದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ.