ಇನ್ಸುಲಿನ್ ಪಂಪ್ ಕೊಳ್ಳುವ ಮೊದಲು ಪಾಠ ಕೇಳಿ

"ಪಂಪ್ ಹಾಕಿಸಿದ್ರೆ ಶುಗರ್ ತಾನಾಗೇ ಕಂಟ್ರೋಲ್‌ಗೆ ಬರುತ್ತೆ ಅಲ್ವಾ ಮೇಡಂ?" ಟೈಪ್ 1 (ದೇಹ ತಾನೇ ಇನ್ಸುಲಿನ್ ತಯಾರಿಸಲಾಗದ ಸಕ್ಕರೆ ಕಾಯಿಲೆ) ಇರುವ ಮಕ್ಕಳ ಅಪ್ಪ-ಅಮ್ಮ, ಚರ್ಮದಡಿ ದಿನವಿಡೀ ಇನ್ಸುಲಿನ್ ಬಿಡುವ ಈ ಪುಟ್ಟ ಯಂತ್ರದ ಬಗ್ಗೆ ಜಾಸ್ತಿ ಕೇಳುವುದು ಇದನ್ನೇ. ಬರಲ್ಲ.

ಬ್ರಿಟನ್ನಿನಲ್ಲಿ ಇದನ್ನು ಪರೀಕ್ಷಿಸಿಯೇ ನೋಡಿದ್ದಾರೆ. ರಿಪೋಸ್ ಎಂಬ ಆ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಪಂಪೇ ಬೇಕೆಂಬ ಹಠ ಇಲ್ಲದ ಟೈಪ್ 1 ವಯಸ್ಕರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪಂಪ್, ಇನ್ನೊಂದಕ್ಕೆ ದಿನಕ್ಕೆ ಹಲವು ಇಂಜೆಕ್ಷನ್ ಕೊಟ್ಟರು. ಆದರೆ ಪಾಠ ಮಾತ್ರ ಎರಡೂ ಗುಂಪಿಗೆ ಇತ್ತು. ತಿನ್ನುವುದಕ್ಕೆ ತಕ್ಕ ಹಾಗೆ ಡೋಸ್ ಲೆಕ್ಕ ಹಾಕುವುದನ್ನು ಕಲಿಸುವ ಡ್ಯಾಫ್ನೆ ಕೋರ್ಸ್ ಅದು, ಮೂಲ ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನದು. ಎರಡು ವರ್ಷದ ಮೇಲೆ ಎರಡೂ ಗುಂಪಿನವರ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಶುಗರ್ ಸರಾಸರಿ ತೋರಿಸುವ ರಕ್ತಪರೀಕ್ಷೆ) ಇಳಿದಿತ್ತು. ಪಂಪ್‌ನಿಂದ ಬಂದ ಹೆಚ್ಚುವರಿ ಲಾಭ ಮಾತ್ರ ತೀರಾ ಸಣ್ಣದು. ಹಾಗಂತ ಪಂಪ್ ದಂಡ ಅಂತ ನಾನು ಹೇಳುತ್ತಿಲ್ಲ, ಪದೇಪದೇ ಲೋ ಆಗುವವರಿಗೆ, ಅಂದರೆ ಶುಗರ್ ತೀರಾ ಇಳಿಯುವವರಿಗೆ, ಅದರಿಂದ ನಿಜಕ್ಕೂ ಉಪಕಾರ ಇದೆ.

ಜರ್ಮನಿಯ ಇನ್‌ಪುಟ್ ಅಧ್ಯಯನ (2018) ನನಗೆ ಇನ್ನೂ ಇಷ್ಟ. ಅಲ್ಲಿ ಈಗಾಗಲೇ ಪಂಪ್ ಹಾಕಿಕೊಂಡವರನ್ನೇ ಕೂರಿಸಿ, ಒಂದೂವರೆ ಗಂಟೆಯ 12 ತರಗತಿ ನಡೆಸಿದರು. ಶುಗರ್ ಸರಾಸರಿ ಇಳಿಯಿತು, ಜೋರಾಗಿ ಲೋ ಆಗುವುದೂ ಕಡಿಮೆಯಾಯಿತು. ಅಂದರೆ ಪಂಪ್ ಇದ್ದವರಿಗೂ ಕಲಿಯುವುದು ಬಾಕಿ ಇರುತ್ತದೆ.

ಏನು ಕಲಿಯಬೇಕು? ಮೊದಲು ಊಟದ ಲೆಕ್ಕ. ಸೆನ್ಸರ್ ನೋಡಿ ತಾನೇ ಬೇಸಲ್ (ದಿನವಿಡೀ ಸ್ವಲ್ಪಸ್ವಲ್ಪವೇ ಹೋಗುವ ಇನ್ಸುಲಿನ್) ಹೆಚ್ಚುಕಡಿಮೆ ಮಾಡುವ ಹೊಸ ಪಂಪ್‌ಗಳಲ್ಲೂ ಹೆಚ್ಚಿನವಕ್ಕೆ ಊಟದ ಕಾರ್ಬ್ (ಕಾರ್ಬೊಹೈಡ್ರೇಟ್) ಎಷ್ಟು ಅಂತ ನಾವೇ ಹೇಳಬೇಕು. "ಎರಡು ಮುದ್ದೆ" ಅಂದರೆ ಅದಕ್ಕೆ ಏನೂ ತಿಳಿಯುವುದಿಲ್ಲ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬ್ ಇದೆ, ಹಾಗಾಗಿ ಒಂದು ವಾರ ಹಿಟ್ಟನ್ನೂ ಅಕ್ಕಿಯನ್ನೂ ತೂಕ ಮಾಡಿಯೇ ಅಡುಗೆ ಮಾಡಿ, ಆಮೇಲೆ ಕಣ್ಣಳತೆ ತಾನೇ ಬರುತ್ತದೆ. (ಅತ್ತೆಯವರು ಗೊಣಗುತ್ತಾರೆ, ಗೊಣಗಲಿ.) ಬೋಲಸ್ (ಊಟಕ್ಕೆಂದು ಒಮ್ಮೆಗೇ ಕೊಡುವ ಡೋಸ್) ಕೊಟ್ಟು ಹತ್ತು-ಹದಿನೈದು ನಿಮಿಷ ಬಿಟ್ಟು ಊಟಕ್ಕೆ ಕೂರುವುದು, ಶುಗರ್ ಇಳಿಯಲಿಲ್ಲ ಅಂತ ಅರ್ಧ ಗಂಟೆಗೊಮ್ಮೆ ಮತ್ತೆ ಬೋಲಸ್ ಒತ್ತದೇ ಇರುವುದು, ಇವೂ ಅದೇ ಪಾಠದ ಭಾಗ.

ಎರಡನೆಯದು, ಜೀವಕ್ಕೇ ಸಂಬಂಧಿಸಿದ್ದು. ಪಂಪ್‌ನಲ್ಲಿ ಇರುವುದು ಬೇಗ ಕೆಲಸ ಮಾಡಿ ಬೇಗ ಮುಗಿಯುವ ಇನ್ಸುಲಿನ್ ಮಾತ್ರ. ಕ್ಯಾನುಲಾ (ಚರ್ಮದೊಳಗೆ ಕೂರುವ ತೆಳು ಕೊಳವೆ) ಮಡಚಿಕೊಂಡರೆ, ಟ್ಯೂಬ್‌ನಲ್ಲಿ ಗಾಳಿಗುಳ್ಳೆ ಸೇರಿದರೆ, ಇಂಜೆಕ್ಷನ್‌ನವರಿಗೆ ಇರುವಂಥ ದೀರ್ಘಕಾಲದ ಇನ್ಸುಲಿನ್ ದೇಹದಲ್ಲಿ ಇರುವುದಿಲ್ಲ, ಕೆಲವೇ ಗಂಟೆಯಲ್ಲಿ ಕೀಟೋನ್ (ಇನ್ಸುಲಿನ್ ಸಾಲದಾಗ ರಕ್ತದಲ್ಲಿ ಸೇರುವ ಅಪಾಯಕಾರಿ ಆಮ್ಲ) ಏರುತ್ತದೆ. ಆಗ ಪಂಪ್‌ನ ಅಲಾರಂ ಹೊಡೆಯಲೇಬೇಕು ಅಂತೇನಿಲ್ಲ. ಕಾರಣ ತಿಳಿಯದೆ ಶುಗರ್ 250 ದಾಟಿತು ಅಂದರೆ ಕೀಟೋನ್ ನೋಡಿ. ಕೀಟೋನ್ ಇದ್ದರೆ ಪಂಪ್ ನಂಬಬೇಡಿ: ಪೆನ್ನಿನಿಂದ ಇನ್ಸುಲಿನ್ ಚುಚ್ಚಿ, ಸೆಟ್ (ಕ್ಯಾನುಲಾ, ಟ್ಯೂಬ್) ಹೊಸದು ಹಾಕಿ, ಡಾಕ್ಟರಿಗೆ ಫೋನ್ ಮಾಡಿ. ಕೀಟೋನ್ ಇಲ್ಲದಿದ್ದರೆ ಪಂಪ್‌ನಿಂದಲೇ ಒಂದು ಕರೆಕ್ಷನ್ (ಏರಿದ ಶುಗರ್ ಇಳಿಸುವ ಡೋಸ್) ಕೊಟ್ಟು ಎರಡು ಗಂಟೆಯೊಳಗೆ ಮತ್ತೆ ನೋಡಿ, ಇಳಿದಿಲ್ಲ ಅಂದರೆ ಪೆನ್ನೇ. ವಾಂತಿ ಶುರುವಾದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಸೆಟ್ ಬದಲಿಸುವುದನ್ನು ಐದಾರು ದಿನಕ್ಕೆ ಎಳೆಯುವವರು ತುಂಬಾ ಜನ. ದುಬಾರಿ, ಗೊತ್ತು. ಆದರೂ ಸಾಮಾನ್ಯ ಸೆಟ್‌ಗೆ ಎರಡು-ಮೂರು ದಿನವೇ ಲೆಕ್ಕ, ಪ್ರತಿಸಲ ಜಾಗವೂ ಬೇರೆ ಇರಬೇಕು, ಇಲ್ಲದಿದ್ದರೆ ಅಲ್ಲಿ ಗಂಟು ಕಟ್ಟಿ ಇನ್ಸುಲಿನ್ ಸರಿಯಾಗಿ ಹೀರುವುದಿಲ್ಲ.

ಲಕ್ಷಗಟ್ಟಲೆ ಕೊಡುವ ಮೊದಲು ಮಾರುವವರನ್ನು ಕೇಳಿ: ಡೆಮೊ ಎಷ್ಟು ಹೊತ್ತು ಅಂತಲ್ಲ, ಮೂರು ತಿಂಗಳಾದ ಮೇಲೆ ಯಾರು ಕಲಿಸುತ್ತಾರೆ, ರಾತ್ರಿ ಎರಡಕ್ಕೆ ಯಾರು ಫೋನ್ ಎತ್ತುತ್ತಾರೆ ಅಂತ. ಫ್ರಿಜ್‌ನಲ್ಲಿ ದೀರ್ಘಕಾಲದ ಇನ್ಸುಲಿನ್ನೂ ಒಂದು ಇರಲಿ. ಬೇಸಲ್ ಸೆಟ್ಟಿಂಗ್‌ಗಳನ್ನು ಕಾಗದದ ಮೇಲೆ ಬರೆದಿಡಿ, ಏಕೆಂದರೆ ಪಂಪ್ ಕೆಟ್ಟುಹೋದರೆ ಅದರೊಳಗಿನ ಅಂಕಿಗಳೂ ಸಿಗುವುದಿಲ್ಲ.