ವೆಬ್‌ಕಾಮಿಕ್ಸ್‌ನ ಮೊದಲ ಕಂತು ಎಲ್ಲಿ ಹೋಯಿತು?

ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೊರಟಿದ್ದೆವು. ಕಿಟಕಿ ಸೀಟು ಹಿಡಿದಿದ್ದ ತಂಗಿಯ ಮಗಳು ಕಟಪಾಡಿ ದಾಟುವಷ್ಟರಲ್ಲಿ ಮೊಬೈಲನ್ನು ನನ್ನ ಕಡೆ ತಿರುಗಿಸಿದಳು. ನಾಲ್ಕು ಚೌಕದ ಒಂದು ಕಾಮಿಕ್. ಒಬ್ಬಳು ಅಜ್ಜಿ, ಒಂದು ಬೆಕ್ಕು, ಹೊರಗೆ ಜಡಿಮಳೆ. ಕೊನೆಯ ಚೌಕದಲ್ಲಿ ಅಜ್ಜಿ ಹರಿದ ಕೊಡೆಯನ್ನು ಬೆಕ್ಕಿನ ಮೇಲೆ ಹಿಡಿದು, ತಾನು ನೆನೆಯುತ್ತಾ ನಿಂತಿದ್ದಾಳೆ.

ಇಬ್ಬರಿಗೂ ಇಷ್ಟವಾಯಿತು. ಆದರೆ ಕೊಡೆ ಹರಿದದ್ದು ಹೇಗೆ? ಅದು ಹಿಂದಿನ ಯಾವುದೋ ಕಂತಿನಲ್ಲಿ ಇರಬೇಕು. "ಇದರ ಹಿಂದಿನದ್ದು ಎಲ್ಲಿ ಉಂಟು ಮಾವ?" ಎಂದು ಕೇಳಿದಳು. ಬೆರಳಾಡಿಸಿ ಹುಡುಕಿದಳು. ಅಷ್ಟರಲ್ಲಿ ಪರದೆ ತನ್ನಷ್ಟಕ್ಕೆ ಹೊಸದಾಯಿತು. ಅಜ್ಜಿಯೂ ಇಲ್ಲ, ಬೆಕ್ಕೂ ಇಲ್ಲ.

ಅವಳ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. ಓದುವುದಕ್ಕೆ ಇಷ್ಟೊಂದು ಕಾಮಿಕ್ಸ್ ಇರುವ ಈ ಕಾಲದಲ್ಲಿ ಒಂದು ಕಥೆಯನ್ನು ಮೊದಲಿನಿಂದ ಓದುವುದು ಯಾಕೆ ಕಷ್ಟವಾಯಿತು?

ನಾವು ಚಿಕ್ಕವರಿದ್ದಾಗ ಸಿಗುವುದೇ ಕಡಿಮೆ ಇತ್ತು. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ದಾರಕ್ಕೆ ನೇತು ಹಾಕಿದ ಬಾಲಮಂಗಳ, ಅದರೊಳಗೆ ಡಿಂಗ. ಜತೆಗೆ ಅಮರ ಚಿತ್ರಕಥೆ. ಅದನ್ನು 1967ರಲ್ಲಿ ಶುರು ಮಾಡಿದ ಅನಂತ ಪೈ ನಮ್ಮ ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದವರು. ಅಮರ ಚಿತ್ರಕಥೆಯ ಪುಸ್ತಕಕ್ಕೆ ಒಂದು ಸಂಖ್ಯೆ ಇರುತ್ತಿತ್ತು. ಹಳೆಯ ಎಣಿಕೆಯಲ್ಲಿ 'ಕೃಷ್ಣ'ನ ಸಂಖ್ಯೆ 11. ಯಾಕೆಂದರೆ ಅದಕ್ಕಿಂತ ಮೊದಲು ಬಂದ ಹತ್ತು ಪುಸ್ತಕಗಳು ಪಾಶ್ಚಾತ್ಯ ಕಥೆಗಳದ್ದು. ಆ ಸಣ್ಣ ಸಂಖ್ಯೆ ನೋಡಿದರೆ ಸಾಕು, ನಮ್ಮ ಹತ್ತಿರ ಯಾವುದು ಇಲ್ಲ ಎಂದು ತಿಳಿಯುತ್ತಿತ್ತು. ಇಲ್ಲದ್ದನ್ನು ಪಕ್ಕದ ಮನೆಯಲ್ಲಿ ಕೇಳುತ್ತಿದ್ದೆವು.

ವೆಬ್‌ಕಾಮಿಕ್ಸ್ ಅಂದರೆ ಇಂಟರ್ನೆಟ್ಟಿನಲ್ಲೇ ಓದುವ ಕಾಮಿಕ್ಸ್ ಶುರುವಾದಾಗ ಈ ಸಂಖ್ಯೆಯ ಕೆಲಸವನ್ನು ಕೆಲವು ಬಟನ್‌ಗಳು ಮಾಡಿದವು. 1993ರಲ್ಲಿ ಡೇವಿಡ್ ಫಾರ್ಲಿ ಎಂಬವರ 'ಡಾಕ್ಟರ್ ಫನ್' ವೆಬ್‌ಗೆ ಬಂತು. ವೆಬ್‌ನ ಮೊದಮೊದಲ ಕಾರ್ಟೂನ್‌ಗಳಲ್ಲಿ ಅದೂ ಒಂದು. ಮುಂದಿನ ವರ್ಷಗಳಲ್ಲಿ ಇಂಥವು ಹೆಚ್ಚಾದವು. ಚಿತ್ರದ ಕೆಳಗೆ ಸಾಮಾನ್ಯವಾಗಿ ನಾಲ್ಕು ಬಟನ್: ಮೊದಲನೆಯದು, ಹಿಂದಿನದು, ಮುಂದಿನದು, ಇವತ್ತಿನದು. ಬದಿಯಲ್ಲಿ ಆ ಕಲಾವಿದರಿಗೆ ಇಷ್ಟವಾದ ಬೇರೆ ಕಾಮಿಕ್ಸ್‌ಗಳ ಪಟ್ಟಿ. ಒಬ್ಬರ ಮನೆಗೆ ಹೋದರೆ ಅವರೇ ಇನ್ನೊಬ್ಬರ ಮನೆ ತೋರಿಸಿದ ಹಾಗೆ. ನನಗೆ ಒಳ್ಳೆಯ ಕಾಮಿಕ್ಸ್ ಸಿಕ್ಕಿದ್ದೆಲ್ಲ ಹೀಗೇ.

ಮಣಿಪಾಲದ ಒಂದು ಸೈಬರ್ ಕೆಫೆಯಲ್ಲಿ ನಾನು ಮೊದಲ ಸಲ 'ಎಕ್ಸ್‌ಕೆಸಿಡಿ' ಓದಿದ್ದು ಇಂಥದೇ ಪಟ್ಟಿ ಹಿಡಿದು ಹೋಗಿ. 2005ರಲ್ಲಿ ರಾಂಡಲ್ ಮನ್ರೋ ಶುರು ಮಾಡಿದ್ದು ಅದು. ಮೂಗು ಕಣ್ಣು ಇಲ್ಲದ ಕಡ್ಡಿ ಮನುಷ್ಯರು. ಚಿತ್ರ ಮೇಲಿನಿಂದ ಪಟ್ಟಿ ಪಟ್ಟಿಯಾಗಿ ಇಳಿದು ಬರುತ್ತಿತ್ತು. ಚಿತ್ರದ ಮೇಲೆ ಮೌಸ್ ಇಟ್ಟು ಸುಮ್ನೆ ಇದ್ದರೆ ಇನ್ನೊಂದು ಸಾಲು ಏಳುತ್ತಿತ್ತು. ಅದು ಗೊತ್ತಾದ ದಿನ ನಾನು ಮತ್ತೆ ಮೊದಲನೆಯದಕ್ಕೆ ಹೋಗಿ, ಒಂದೊಂದರ ಮೇಲೂ ಮೌಸ್ ಇಟ್ಟು ಓದಿದೆ.

ಅದೇ ಕಾಮಿಕ್‌ನಲ್ಲಿ 2013ರ ಮಾರ್ಚ್‌ನಲ್ಲಿ 'ಟೈಮ್' ಎಂಬ ಒಂದು ಕಂತು ಬಂತು. ಸಮುದ್ರದ ದಡದಲ್ಲಿ ಇಬ್ಬರು ಕೂತಿದ್ದಾರೆ, ಅಷ್ಟೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಚಿತ್ರ ಚೂರು ಬದಲಾಗಿದೆ. ಆಮೇಲೆ ಗಂಟೆಗೊಂದು ಚಿತ್ರ. ಅವರು ಮರಳಿನ ಕೋಟೆ ಕಟ್ಟುತ್ತಾರೆ, ನೀರು ಏರುತ್ತದೆ, ಯಾಕೆ ಏರುತ್ತಿದೆ ಎಂದು ಹುಡುಕಿಕೊಂಡು ಹೊರಡುತ್ತಾರೆ. ನಾಲ್ಕು ತಿಂಗಳು, ಒಟ್ಟು 3099 ಚಿತ್ರಗಳು. ಮರುವರ್ಷ ಅದಕ್ಕೆ ವೈಜ್ಞಾನಿಕ ಮತ್ತು ಕಲ್ಪನಾ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಬಂತು. ಮಲ್ಪೆಯ ದಡದಲ್ಲಿ ಮರಳಿನ ಗುಡ್ಡೆ ಮಾಡಿ, ತೆರೆ ಬರುವುದನ್ನು ಕಾದವರಿಗೆ ಆ ಕಥೆಯ ವೇಗ ಏನು ಎಂದು ಹೇಳಬೇಕಾಗಿಲ್ಲ. ಪುಸ್ತಕದಲ್ಲಿ ಇದನ್ನು ಮಾಡಲು ಆಗುವುದಿಲ್ಲ. ಕಾಯುವುದೇ ಇಲ್ಲಿ ಓದು.

ಈ ಓದುಗರನ್ನು ಕಲಾವಿದರು ನಂಬಿದ್ದರು. ಕಾಮಿಕ್ ಪುಕ್ಕಟೆ. ದುಡ್ಡು ಬರುತ್ತಿದ್ದದ್ದು ಪುಸ್ತಕ, ಟೀ ಶರ್ಟ್, ಜಾಹೀರಾತುಗಳಿಂದ. 2012ರಲ್ಲಿ 'ದಿ ಆರ್ಡರ್ ಆಫ್ ದಿ ಸ್ಟಿಕ್' ಎಂಬ ವೆಬ್‌ಕಾಮಿಕ್‌ನ ಹಳೆಯ ಪುಸ್ತಕಗಳನ್ನು ಮತ್ತೆ ಅಚ್ಚು ಹಾಕಲು ಓದುಗರೇ 12 ಲಕ್ಷ ಡಾಲರ್‌ಗಿಂತ ಜಾಸ್ತಿ ಕೊಟ್ಟರು. ಯಾವತ್ತೋ ಒಂದು ದಿನ ಕಣ್ಣಿಗೆ ಬಿದ್ದ ಚಿತ್ರಕ್ಕೆ ಯಾರೂ ಹಾಗೆ ಕೊಡುವುದಿಲ್ಲ. ಮೊದಲಿನಿಂದ ಜತೆಗೆ ಬಂದವರು ಕೊಡುತ್ತಾರೆ.

ಹಾಗಾದರೆ ದಾರಿ ತಪ್ಪಿದ್ದು ಎಲ್ಲಿ? ನನ್ನ ಪ್ರಕಾರ ಅದೇ 2013ರ ಆಸುಪಾಸಿನಲ್ಲಿ. ಆಗ ತುಂಬಾ ಓದುಗರು ಆರ್‌ಎಸ್‌ಎಸ್ ಫೀಡ್ ಎಂಬ ವ್ಯವಸ್ಥೆ ಬಳಸುತ್ತಿದ್ದರು. ನಮಗೆ ಬೇಕಾದ ತಾಣಗಳನ್ನು ಒಮ್ಮೆ ಸೇರಿಸಿದರೆ ಹೊಸ ಕಂತು ಬಂದಾಗೆಲ್ಲ ಸಾಲಾಗಿ ಕಾಣುತ್ತಿತ್ತು. ಒಂದೂ ತಪ್ಪುತ್ತಿರಲಿಲ್ಲ. ಇಂಥ ಫೀಡ್ ಓದಲು ತುಂಬಾ ಜನ ಬಳಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ಕ್ಕೆ ನಿಂತಿತು. ಬೇರೆ ರೀಡರ್‌ಗಳು ಇದ್ದವು, ಈಗಲೂ ಇವೆ. ಆದರೆ ತುಂಬಾ ಜನ ಅತ್ತ ಹೋಗಲಿಲ್ಲ, ಫೇಸ್‌ಬುಕ್‌ನಲ್ಲೇ ಉಳಿದರು. ಕಲಾವಿದರೂ ಓದುಗರು ಇದ್ದಲ್ಲಿಗೆ ಹೋದರು. ಕಾರ್ಟೂನಿಸ್ಟ್ ರಚಿತಾ ತನೇಜಾ 2014ರಲ್ಲಿ 'ಸ್ಯಾನಿಟರಿ ಪ್ಯಾನೆಲ್ಸ್' ಶುರು ಮಾಡಿದ್ದು ಫೇಸ್‌ಬುಕ್‌ನಲ್ಲೇ. 2016ರಲ್ಲಿ ಡೇಟಾ ಅಗ್ಗವಾಯಿತು, ತುಂಬಾ ಜನರ ಕೈಗೆ ಫೋನ್ ಬಂತು. ಇದರಿಂದ ಆದ ಒಳ್ಳೆಯದು ಸಣ್ಣದಲ್ಲ. ಸೈಬರ್ ಕೆಫೆಗೆ ಹೋಗಲಾಗದ ಎಷ್ಟೋ ಹುಡುಗಿಯರು ಮನೆಯಲ್ಲೇ ಕಾಮಿಕ್ಸ್ ಓದಿದರು, ಬಿಡಿಸಿದರು.

ಆದರೆ ಆ ನಾಲ್ಕು ಬಟನ್ ಹೋದವು. ಹೊಸದು ಮೇಲೆ, ಹಳೆಯದು ಕೆಳಗೆ. ಯಾವುದನ್ನು ಯಾವಾಗ ತೋರಿಸಬೇಕು ಎಂದು ಆ್ಯಪ್ ನಿರ್ಧರಿಸುತ್ತದೆ. ಹಿಂದಿನದ್ದು ಓದದವರಿಗೂ ಅರ್ಥವಾಗಬೇಕು ಅಂದರೆ ಪ್ರತಿ ಕಂತೂ ತನ್ನಷ್ಟಕ್ಕೆ ಮುಗಿಯಬೇಕು. ಉದ್ದ ಕಥೆ ಹೇಳುವವರಿಗೆ ಇದರಿಂದ ಪೆಟ್ಟು ಬಿತ್ತು.

ಕೊರಿಯಾದವರು ಬೇರೆ ದಾರಿ ಹಿಡಿದಿದ್ದರು. ಅಲ್ಲಿಯ ಇಂಟರ್ನೆಟ್ ಕಂಪನಿಗಳಾದ ಡೌಮ್ 2003ರಲ್ಲಿ, ನೇವರ್ 2004ರಲ್ಲಿ ವೆಬ್‌ಟೂನ್ ಶುರು ಮಾಡಿದವು. ಪುಟವೇ ಇಲ್ಲ, ಮೇಲಿನಿಂದ ಕೆಳಗೆ ಒಂದೇ ಉದ್ದ ಪಟ್ಟಿ. ಒಂದು ಪಾತ್ರ ಬಾಗಿಲು ತೆರೆಯುತ್ತದೆ. ಆಮೇಲೆ ಬರೀ ಬಿಳಿ ಜಾಗ. ಬೆರಳು ಎರಡು ಮೂರು ಸಲ ಎಳೆದರೂ ಬಿಳಿ. ಆಮೇಲೆ ಒಂದು ಮುಖ. ಆ ಬಿಳಿ ಜಾಗವೇ ಮೌನ. ಕಂಪ್ಯೂಟರಿಗೆಂದು ಮಾಡಿದ ಈ ರೂಪ ಫೋನಿಗೆ ಹೇಳಿ ಮಾಡಿಸಿದಂತೆ ಕೂತಿತು. ಇಂಗ್ಲಿಷ್‌ನಲ್ಲಿ ನೇವರ್‌ನ ವೆಬ್‌ಟೂನ್ 2014ರಲ್ಲಿ ಬಂತು. ಅಲ್ಲಿ ಕಂತಿಗೆ ಸಂಖ್ಯೆ ಇದೆ, ಮೊದಲನೆಯದು ಒಂದೇ ಒತ್ತಿಗೆ ಸಿಗುತ್ತದೆ.

ಕನ್ನಡದ ಮಾತು ಬಂದಾಗ ಇನ್ನೊಂದು ತೊಡಕು. ನಮ್ಮ ಮಂಗಳೂರಿನಲ್ಲೇ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಬಂತು. ಕಲ್ಲಚ್ಚಿಗೆ ಅಕ್ಷರವೂ ಒಂದು ಚಿತ್ರವೇ, ಕೈಯಲ್ಲಿ ಬರೆದದ್ದು. ಕಾಮಿಕ್ಸ್‌ನ ಮಾತಿನ ಗುಳ್ಳೆಯೂ ಹಾಗೇ. ಕನ್ನಡದ ಪದ ಉದ್ದ, ಒತ್ತಕ್ಷರಕ್ಕೆ ಸಾಲಿನ ಕೆಳಗೆ ಜಾಗ ಬೇಕು. ಇಂಗ್ಲಿಷ್‌ನ ಅಳತೆಗೆ ಗುಳ್ಳೆ ಬಿಡಿಸಿ ಕನ್ನಡ ತುಂಬಿದರೆ ಫೋನಿನಲ್ಲಿ ಕಣ್ಣು ಕಿರಿದು ಮಾಡಿ ಓದಬೇಕಾಗುತ್ತದೆ. ಕಿನ್ನಿಕಂಬಳದ ಕೆ.ಪಿ. ರಾವ್ ಕನ್ನಡಕ್ಕೆ ಕೊಟ್ಟ ಕೀಲಿಮಣೆ ವಿನ್ಯಾಸದಿಂದ ಟೈಪ್ ಮಾಡುವುದು ಸುಲಭವಾಯಿತು. ಆದರೂ ಅಕ್ಷರ ಚಿತ್ರದೊಳಗೇ ಉಳಿದರೆ ಹುಡುಕುವವರ ಕೈಗೆ ಸುಲಭವಾಗಿ ಸಿಗುವುದಿಲ್ಲ. ಕನ್ನಡದಲ್ಲಿ ಕಾಮಿಕ್ಸ್ ಮಾಡುವವರಿಗೆ ನನ್ನ ಪ್ರೀತಿಯ ಕೋರಿಕೆ ಇದು: ಚಿತ್ರದ ಕೆಳಗೆ ಆ ಮಾತುಗಳನ್ನು ಟೈಪ್ ಮಾಡಿ, ಕಂತಿನ ಸಂಖ್ಯೆ ಹಾಕಿ.

ಕುಂದಾಪುರದ ಕಾರ್ಟೂನು ಹಬ್ಬದಂಥ ಕಡೆ ಹೋದರೆ ಹಳೆಯ ದಾರಿ ಇನ್ನೂ ಇದೆ ಎಂದು ಗೊತ್ತಾಗುತ್ತದೆ. ಅದರ ಹಿಂದಿರುವ ಸತೀಶ್ ಆಚಾರ್ಯ ಅವರ ಕಾರ್ಟೂನ್‌ಗಳನ್ನು ಫೋನಿನಲ್ಲಿ ನೋಡಿದವರು, ಅಲ್ಲಿ ಗೋಡೆಯ ಮೇಲೆ ಬೇರೆಯವರ ಹೆಸರೂ ಓದುತ್ತಾರೆ. ಒಬ್ಬರಿಂದ ಇನ್ನೊಬ್ಬರು ಸಿಗುವುದು ಹಾಗೆ ಅಲ್ವಾ?

ಬಸ್ಸಿನಲ್ಲಿ ನಾವು ಮಾಡಿದ್ದೂ ಅದನ್ನೇ. ಮುಲ್ಕಿ ದಾಟಿದ ಮೇಲೆ ಅವಳಿಗೆ ಕಲಾವಿದೆಯ ಹೆಸರು ನೆನಪಾಯಿತು. ಹೆಸರು ಹಾಕಿ ಹುಡುಕಿದಾಗ ಅವರದೇ ಒಂದು ಪುಟ ಸಿಕ್ಕಿತು. ಕೆಳಗೆ ಅದೇ ನಾಲ್ಕು ಬಟನ್. ಮೊದಲನೆಯದನ್ನು ಒತ್ತಿದಳು. ಮಳೆಗಾಲದ ಮೊದಲ ದಿನ, ಅಂಗಡಿಯ ಮುಂದೆ ಅಜ್ಜಿ, ಕೈಯಲ್ಲಿ ಹೊಚ್ಚ ಹೊಸ ಕೊಡೆ. ಬೆಕ್ಕು ಇನ್ನೂ ಬಂದಿಲ್ಲ. ಸುರತ್ಕಲ್, ಕೂಳೂರು, ಲೇಡಿಹಿಲ್ ಹೋದದ್ದು ಅವಳಿಗೆ ಗೊತ್ತಾಗಲಿಲ್ಲ. ಕಂಡಕ್ಟರ್ "ಸ್ಟೇಟ್ ಬ್ಯಾಂಕ್, ಸ್ಟೇಟ್ ಬ್ಯಾಂಕ್" ಎಂದು ಕೂಗಿದಾಗ ತಲೆ ಎತ್ತಿದಳು.

"ಕೊಡೆ ಇನ್ನೂ ಹರಿಯಲಿಲ್ಲ ಮಾವ" ಎಂದಳು.