ಗುಟುಕು ಇಳಿದ ಮೇಲೆ ಉಳಿಯುವುದು ಕಹಿಯೋ, ಒಗರೋ?

ಮನೆಯಲ್ಲೇ ಕಾಫಿ ಬೀಜ ಹುರಿದು, ಪುಡಿಯ ಮೇಲೆ ಬಿಸಿನೀರು ಸುರಿದು ಸೋಸಿ ಇಳಿಸುವ ಪೋರ್ ಓವರ್ ಮಾಡಿಕೊಳ್ಳುವವರು, ಬೀಜ ಹುರಿದು ಕೊಡುವ ನನ್ನ ರೋಸ್ಟರಿಗೆ ಪೊಟ್ಟಣ ಹಿಡಿದು ಬಂದರೆ ದೂರು ಹೆಚ್ಚಾಗಿ ಒಂದೇ: "ಘಮ ಚೆನ್ನಾಗಿದೆ ಸಾರ್, ಮೊದಲ ಗುಟುಕೂ ಚೆನ್ನಾಗಿದೆ, ಆಮೇಲೆ ಬಾಯಿ ಕೆಡುತ್ತೆ." ಹೇಗೆ ಕೆಡುತ್ತೆ ಅಂದರೆ "ಕಹಿ" ಅನ್ನುತ್ತಾರೆ. ಕುಡಿದು ನೋಡಿದರೆ ಎಷ್ಟೋ ಸಲ ಅದು ಕಹಿಯೇ ಅಲ್ಲ, ಒಗರು. ಎಳೆ ಬಾಳೆಕಾಯಿ ಕಚ್ಚಿದಾಗ ಕೆನ್ನೆಯ ಒಳಗೆಲ್ಲ ಎಳೆದಂತಾಗಿ ಬಾಯಿ ಒಣಗುತ್ತದಲ್ಲ, ಅದು.

ಇವೆರಡನ್ನು ಬೇರ್ಪಡಿಸದೆ ಕಾಫಿ ಸುಧಾರಿಸಲಾಗದು, ಏಕೆಂದರೆ ಮದ್ದು ಒಂದಕ್ಕೊಂದು ತದ್ವಿರುದ್ಧ. ಕಳೆದ ಮಳೆಗಾಲದಲ್ಲಿ ಒಬ್ಬರು ಚಿಕ್ಕಮಗಳೂರು ಕಡೆಯ ಎಸ್.795 ಎಂಬ ಅರೇಬಿಕಾ ತಳಿಯ ಬೀಜ ತಂದಿದ್ದರು. ಕಹಿ ಹೋಗಲೆಂದು ವಾರವಾರವೂ ಹುರಿಯುವ ಹೊತ್ತು ಕಡಿಮೆ ಮಾಡುತ್ತ ಬಂದಿದ್ದರಂತೆ. ಬಾಯಿ ಒಣಗುವುದು ಮಾತ್ರ ಹೆಚ್ಚುತ್ತಲೇ ಹೋಯಿತು. ನಾನು ಒಂದು ಹಿಡಿ ಬೀಜ ಪುಡಿ ಮಾಡಿ ಇಡೀ ಬೀಜದ ಪಕ್ಕ ಇಟ್ಟೆ. ಬೀಜ ಕಂದು, ಪುಡಿ ಅದಕ್ಕಿಂತ ಬಹಳ ತೆಳು ಬಣ್ಣ. ಹೊರಗೆ ಬೆಂದು ಒಳಗೆ ಹಸಿ ಉಳಿದಿದೆ ಎಂಬುದಕ್ಕೆ ಇದಕ್ಕಿಂತ ಸುಲಭದ ಪರೀಕ್ಷೆ ನನಗೆ ಗೊತ್ತಿಲ್ಲ.

ಅವರು 200 ಗ್ರಾಂ ಬೀಜವನ್ನು ಬಾಣಲೆಯಲ್ಲಿ ಮೊದಲಿಂದ ಕೊನೆಯವರೆಗೆ ದೊಡ್ಡ ಉರಿಯಲ್ಲೇ ಹುರಿದು, ಚಟಪಟ ಸದ್ದು ಎದ್ದ ಕೂಡಲೇ ಇಳಿಸುತ್ತಿದ್ದರು. ಸದ್ದು ಏಳುವ ಒಂದು ನಿಮಿಷ ಮೊದಲು ಉರಿ ಸ್ವಲ್ಪ ತಗ್ಗಿಸಿ, ಸದ್ದು ಶುರುವಾದ ಮೇಲೆ ಒಂದೂವರೆ ನಿಮಿಷ ಕೈಯಾಡಿಸುತ್ತ ಇರಿ ಎಂದೆ. ಹಾಗೆಂದು ಉರಿಯನ್ನು ಪೂರ್ತಿ ಸಣ್ಣ ಮಾಡಬಾರದು. ಬೀಜದ ಕಾವು ಏರುವುದು ಅಲ್ಲಿಗೇ ನಿಂತರೆ ರುಚಿ ಒಣ ಬ್ರೆಡ್ಡಿನಂತಾಗಿ, ಗುಟುಕಿನ ಜೊತೆಯೇ ಮುಗಿದುಹೋಗುತ್ತದೆ.

ನಿಜವಾದ ಕಹಿಯ ಕತೆ ಬೇರೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ಥಾಮಸ್ ಹಾಫ್‌ಮನ್ ಅವರ ತಂಡ 2007ರಲ್ಲಿ ಅದನ್ನು ಬಿಡಿಸಿ ತೋರಿಸಿತು. ಬೀಜದಲ್ಲಿರುವ ಕ್ಲೋರೋಜೆನಿಕ್ ಆಮ್ಲ ಹುರಿಯುವಾಗ ಲ್ಯಾಕ್ಟೋನ್ ಎಂಬ ರಾಸಾಯನಿಕಗಳಾಗುತ್ತದೆ. ಅವುಗಳ ಕಹಿ ಹಿತವಾದದ್ದು. ಇನ್ನೂ ಕಪ್ಪಾಗುವವರೆಗೆ ಹುರಿದರೆ ಅವೇ ಒಡೆದು ಫಿನೈಲ್‌ಇಂಡೇನ್ ಎಂಬ ಬೇರೆ ರಾಸಾಯನಿಕಗಳಾಗಿ, ಗಂಟಲಲ್ಲಿ ಕೂರುವ ಒರಟು ಕಹಿ ಕೊಡುತ್ತವೆ. ಹಾಲು, ಸಕ್ಕರೆ ಬೆರೆಸುವ ಫಿಲ್ಟರ್ ಕಾಫಿ ಇದನ್ನು ತಾಳಿಕೊಳ್ಳುತ್ತದೆ, ಪೋರ್ ಓವರ್‌ನಲ್ಲಿ ಬಚ್ಚಿಡಲು ಜಾಗವಿಲ್ಲ. ಎರಡನೇ ಸಲದ ಸಣ್ಣ ಚಿಟಿಚಿಟಿ ಕೇಳುವ ಮೊದಲೇ ಇಳಿಸಿ. ಇಳಿಸಿದ್ದನ್ನು ಮೊರಕ್ಕೆ ಸುರಿದು ಫ್ಯಾನಿನ ಕೆಳಗೆ ಕೇರಿದರೆ ನಾಲ್ಕು ನಿಮಿಷದೊಳಗೆ ಆರುತ್ತದೆ, ಹೊಗೆವಾಸನೆ ತರುವ ಸುಟ್ಟ ಹೊಟ್ಟೂ ಹಾರಿಹೋಗುತ್ತದೆ. ಈ ಕೆಲಸಕ್ಕೆ ಮೊರಕ್ಕಿಂತ ಒಳ್ಳೆಯ ಸಾಧನ ಮನೆಯಲ್ಲಿ ಇನ್ನೊಂದಿಲ್ಲ. ಆಮೇಲೆ ಒಂದು ವಾರ ಡಬ್ಬಿಯಲ್ಲಿರಲಿ.

ಹುರಿದದ್ದು ಸರಿಯಿದ್ದೂ ಒಗರು ಉಳಿದರೆ ಕಾಫಿ ಸೋಸಿ ಇಳಿಸುವ ಕ್ರಮ ನೋಡಬೇಕು. 15 ಗ್ರಾಂ ಪುಡಿ, 240 ಗ್ರಾಂ ನೀರು. ಇಳಿಯುವ ಡಿಕಾಕ್ಷನ್ನನ್ನು ಮೂರು ಲೋಟದಲ್ಲಿ ಸರದಿಯಂತೆ ಹಿಡಿದು, ಉಗುರುಬೆಚ್ಚಗಾದ ಮೇಲೆ ಒಂದೊಂದೇ ಕುಡಿಯಿರಿ. ಸುಡುಸುಡು ಇರುವಾಗ ನಾಲಿಗೆಗೆ ಗೊತ್ತಾಗದು. ಒಗರು ಮೂರನೆಯದರಲ್ಲಿ ಮಾತ್ರ ಇದ್ದರೆ ಪುಡಿ ತೀರ ನುಣ್ಣಗಾಗಿದೆ ಅಥವಾ ನೀರು ಒಂದೇ ಕಡೆ ದಾರಿ ಮಾಡಿಕೊಂಡು ಇಳಿದಿದೆ. ಸ್ವಲ್ಪ ತರಿ ಮಾಡಿ. ಅದೂ ಸಾಲದಿದ್ದರೆ ಕೊನೆಯ ಭಾಗ ಇಳಿಯುವ ಮೊದಲೇ ಡ್ರಿಪ್ಪರ್ (ಪುಡಿ ಹಾಕಿ ಸೋಸುವ ಆಲಿಕೆ) ತೆಗೆದು, ಇಳಿದ ಕಾಫಿಗೆ ಬಿಸಿನೀರು ಬೆರೆಸಿ. ಮೊದಲ ಲೋಟದಿಂದಲೇ ಒಗರಿದ್ದರೆ ಮತ್ತೆ ಬಾಣಲೆಗೇ ಹೋಗಬೇಕು.

ಇನ್ನು ನೀರು. ಬೆಂಗಳೂರಿನ ಎತ್ತರದಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ, ಆರಿಸುತ್ತ ಕಾಯಬೇಕಿಲ್ಲ. ಗಡಸು ಬೋರ್‌ವೆಲ್ ನೀರು ಬೀಜದ ಹುಳಿಯನ್ನು ನುಂಗಿ, ಕೊನೆಗೆ ಸುಣ್ಣದಂಥ ಸಪ್ಪೆ ಉಳಿಸುತ್ತದೆ. ಬರೀ ಆರ್‌ಒ ನೀರಿನಲ್ಲಿ ರುಚಿ ಟೊಳ್ಳು. ಕುಡಿಯಲು ಯೋಗ್ಯವಾದ ನಲ್ಲಿ ನೀರಿಗೆ ಆರ್‌ಒ ನೀರನ್ನು ಅರ್ಧಕ್ಕರ್ಧ ಬೆರೆಸಿ ಒಂದು ಲೋಟ, ಬರೀ ಆರ್‌ಒದಲ್ಲಿ ಇನ್ನೊಂದು ಲೋಟ, ಒಂದೇ ಬೀಜದಿಂದ ಪಕ್ಕಪಕ್ಕ ಮಾಡಿ ಕುಡಿದು ನೋಡಿ.